ಅಪ್ಪನ ಕಿಸೆಯ ಬಿರಡೆಗಳು

ತೀರಿಹೋದ ಅಪ್ಪನ ವರ್ಷದ ದಿನ ಅವ್ವನನ್ನು ಅಪ್ಪನ ಹಳೆಯ ವಿಲಾಯತಿ ಕಾರಿನಲ್ಲೇ ಹೊಳೆದಂಡೆಯ ಗಣೇಶಗುಡಿ ಊರಿಗೆ ಕರೆದೊಯ್ಯಬೇಕೆಂದು ಈರೇಶ ಹಟ ಹಿಡಿದಿದ್ದ. ಬಟ್ಟೆಯ ಮಾಡಿನ ಕಾರು ಅದು, ದಾಂಡೇಲಿಯ ಮಳೆಗೆ ಸೋರುತ್ತಿತ್ತು. ಜೂನ್‌ನಲ್ಲಿ ಅವನು ಮಾಡಿನ ಹೊಲಿಗೆಗೆಲ್ಲ ಮೇಣ ತಿಕ್ಕಿದ. ಸೀಟಿನ ಕೆಳಗೆ, ಕಾರಿನ ತಳದ ತಗಡಿನಲ್ಲಿ ನಾಲ್ಕು ತೂತು ಕಂಡವು. ನೀರು ಇಲ್ಲಿಂದಲೂ ಏರುತ್ತದೆಂದು ಅಂಟು ಮೆತ್ತಿ ಮುಚ್ಚಿ, ಅಪ್ಪ ಕಾಗದದ ಮಿಲ್ಲಿನಿಂದ ತಂದಿದ್ದ, ಹಸಿ ಕಾಗದದ ನೀರು ಹೀರುವ ದಪ್ಪ ಉಣ್ಣೆ ಬಟ್ಟೆಯನ್ನು ಮೇಲೆ ಹಾಸಿದ.

ಸೆಪ್ಟೆಂಬರಿನಲ್ಲಿ, ವರ್ಷದ ದಿನಕ್ಕೆ ಒಂದು ದಿನ ಮೊದಲು, ಕಾರಿಗೆ ಹೊದಿಸಿದ್ದ ಹರಕು ತಾಡಪತ್ರಿ ತೆಗೆದು ಒಳಗೆ ಕಾಲಿಟ್ಟ. ತಗಡು ಹಪ್ಪಳದಂತೆ ಮುರಿದು ಪಾದ ನೆಲಕ್ಕೆ ತಾಗಿತು. ಮಾಡಿನಿಂದ ಸೋರಿದ ನೀರು ಹೊರಹೋಗಲು ದಾರಿಯಿಲ್ಲದೆ ಮಳೆಗಾಲವಿಡೀ ಆ ಬಟ್ಟೆಯಲ್ಲೇ ನಿಂತು ತಗಡಿಗೆ ತುಕ್ಕು ಹಿಡಿಸಿತ್ತು.

ಅವ್ವ ನೋಡಿದಳು. ಒಳಗೆ ಹೋಗಿ, ಗೂಟಕ್ಕೆ ಇನ್ನೂ ತೂಗುತ್ತಿದ್ದ ಅಪ್ಪನ ಅಂಗಿಯ ಕಿಸೆಯಿಂದ ನಾಲ್ಕು ರಬ್ಬರ್ ಬಿರಡೆ ತಂದಳು.

“ಮಳಿ ಹಿಡದ ಕೂಡ್ಲೆ ಆ ತೂತಿನಾಗಿಂದ ಇವನ್ನ ತಗದು ಕಿಸೆದಾಗ ಇಟ್ಕೋತಿದ್ರು. ಸೋರೂದು ಸೋರತೈತಿ, ನೀರಿಗೆ ಹೋಗಾಕ ದಾರಿ ಇರ್ಲಿ ಅಂತಿದ್ರು.”

“ಮೊದ್ಲ ಯಾಕ ಹೇಳಲಿಲ್ಲವ್ವ?”

“ನೀ ನನ್ನ ಕಡೆ ಚಾ ಅಷ್ಟ ಕೇಳಿದಿ.”

ಮರುದಿನ ಇಬ್ಬರೂ ಬಸ್ಸಿನಲ್ಲಿ ಗಣೇಶಗುಡಿಗೆ ಹೋದರು. ಅವ್ವ ದಾರಿಯುದ್ದಕ್ಕೂ ಬಿರಡೆಗಳನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.