ಎರಡು ನಿಮಿಷ ನಲವತ್ತನೇ ಸೆಕೆಂಡಿನ ಕೆಮ್ಮು

ಫೋನು ಮತ್ತೆ ನಡುಗಿತು, ಕಬ್ಬಿಣದ ಬೆಂಚಿನ ಮೇಲೆ ಅರ್ಧ ಬೆರಳಷ್ಟು ಸರಿಯಿತು, ಶ್ರೀಮಂತನದೇ ಮೆಸೇಜು, ಏ ಪರಿಮಳಾ, ಪ್ರಶ್ನಿ ಕಳಿಸೀನಲ್ಲ, ಮಂದಿ ದಿನಾ ಕೇಳೂವು, ಒಂದೊಂದಕ್ಕ ಎರಡೆರಡ ಸಾಲ ಬರದ ಒಗಿ, ಮಧ್ಯಾಹ್ನದೊಳಗ ಬ್ಯಾಂಡಿನ ಪೇಜಿಗೆ ಹಾಕಬೇಕು — ಹಾಡುವವನು ಅವನು, ಹಲಗಿ ಬಾರಿಸುವವನು ಬಬ್ಲು, ಪದ ಬರೆಯುವವಳು ನಾನು, ಹಾಗಾಗಿ ಉತ್ತರವೂ ನಾನೇ ಬರೆಯಬೇಕು, ಯಾದಗಿರಿಯ ದವಾಖಾನೆಯ ಸಾಲಿನಲ್ಲಿ ಕೂತು, ಪಕ್ಕದಲ್ಲಿ ಅವ್ವ, ಅವಳ ತೊಡೆಯ ಮೇಲೆ ಎಕ್ಸ್‌ರೇ ಲಕೋಟೆ, ನಮ್ಮ ಚೀಟಿ ಇಪ್ಪತ್ಮೂರು, ಒಳಗೆ ಹದಿನೆಂಟು ನಡೆದಿದೆ. ಬ್ಯಾಂಡಿಗೆ ಅಡಿಟಿಪ್ಪಣಿ ಅಂತ ಯಾಕೆ ಹೆಸರಿಟ್ಟಿರಿ — ಸುರಪುರದ ಹಾಸ್ಟೆಲ್ ಲೈಬ್ರರಿಯ ದಪ್ಪ ಪುಸ್ತಕಗಳಲ್ಲಿ ನಮ್ಮಂಥವರು ಸಿಗುತ್ತಿದ್ದದ್ದು ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಇದನ್ನು ಇನ್ನೂರು ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಮಂದಿ ತಲೆದೂಗಿದ್ದಾರೆ, ತೂಗಿದರೆ ಏನಾಯಿತು. ನಿಮ್ಮ ಹಾಡು ತಿಳಿಯಲು ಏನೇನು ಓದಿರಬೇಕು — ಬಬ್ಲು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು, ಅವನನ್ನು ಕೇಳಿ. ಶ್ರೀಮಂತ ಸರ್‌ಗೆ ಮದುವೆ ಆಗಿದೆಯಾ. ಯಾವ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದಿರಿ. ಆಮೇಲೆ ಏಳನೆಯದು, ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳಿದ್ದು, ನಲವತ್ತೊಂದನೇ ಪುಟ ಅನ್ನುವ ಹಾಡಿನಲ್ಲಿ ಎರಡು ನಿಮಿಷ ನಲವತ್ತನೇ ಸೆಕೆಂಡಿಗೆ ಬರುವ ಕೆಮ್ಮು ಯಾರದು, ಅದರ ಅರ್ಥ ಏನು. ಧಾರವಾಡದಲ್ಲಿ ಒಬ್ಬ ಮೈಕು ಹಿಡಿದು ಇದನ್ನೇ ಕೇಳಿದ್ದ, ನಾನು ನನ್ನ ಮೈಕನ್ನು ಬಾಯಿಯ ಹತ್ತಿರ ತಂದೆ, ದನಿ ಇಳಿಸುವುದನ್ನೂ ಕಲಿತಿದ್ದೆ ಆಗಲೇ, ಅದು ಚರಿತ್ರೆಯ ಕೆಮ್ಮು ಅಂದೆ, ಚಪ್ಪಾಳೆ ನಿಲ್ಲಲೇ ಇಲ್ಲ, ಥೂ. ಎಟ್ಟೊತ್ತ ಒತ್ತತಿ ಅದನ್ನ, ಕಣ್ಣ ಹೋಗ್ತಾವ, ಅನ್ನುತ್ತಾಳೆ ಅವ್ವ, ಎರಡು ಮಾತಿಗೆ ಒಮ್ಮೆ ಉಸಿರು ಹುಡುಕುತ್ತ.

ಸ್ಟುಡಿಯೋ ಅಂದರೆ ಶಹಾಪುರದ ಹತ್ತಿ ಮಿಲ್ಲು, ಅವ್ವ ಹದಿನಾಲ್ಕು ವರ್ಷದಿಂದ ದುಡಿಯುವ ಮಿಲ್ಲು, ಮೂರು ವರ್ಷದ ಹಿಂದಿನ ಎಳ್ಳಮಾವಾಸ್ಯೆ ಆವತ್ತು, ಹೊಲ ಇದ್ದವರೆಲ್ಲ ಭಜ್ಜಿ-ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು, ಮಷೀನು ಬಂದ್, ಗೋಡೆಗುಂಟ ಒಟ್ಟಿದ ಹತ್ತಿ ಬೇಲುಗಳು ದನಿಯನ್ನು ಎಷ್ಟು ಚೆನ್ನಾಗಿ ಹೀರುತ್ತವೆ ಅಂತ ಕಂಡುಹಿಡಿದವಳು ನಾನೇ, ಜಾಣೆ. ಇಡೀ ಹಾಲ್ ಒಬ್ಬಳೇ ಕಸ ಹೊಡೆಯುತ್ತೇನೆ ಅಂತ ಹೇಳಿ ವಾಚ್‌ಮನ್‌ನಿಂದ ಕೀಲಿ ಇಸಿದುಕೊಂಡಿದ್ದಳು ಅವ್ವ, ಹೊಡೆದು ಮುಗಿಸಿದ್ದಳು, ಧೂಳು ಇನ್ನೂ ಇಳಿದಿರಲಿಲ್ಲ, ಗಾಳಿ ಎಳೆಯುವ ಫ್ಯಾನು ಗರಗರ ಅನ್ನುತ್ತದೆ ಅಂತ ನಾವು ಅದನ್ನು ಬಂದ್ ಮಾಡಿದೆವು, ಬಾಗಿಲನ್ನೂ ಹಾಕಿದೆವು, ನೀ ಹೊರಗ ಕೂಡಬೇ ಅಂದರೆ ಬ್ಯಾಡವ್ವ, ಕೀಲಿ ನನ್ನ ಮ್ಯಾಲ ಅದ, ಏನರ ಹೆಚ್ಚುಕಮ್ಮಿ ಆದ್ರ ಮಾಲಕ ನನ್ನ ಕೆಲಸದಿಂದ ತೆಗಿತಾನ, ಅಂತ ಬೇಲುಗಳ ಹಿಂದೆ ಕೂತಳು. ಮೊದಲನೇ ಸಲ ಕೆಮ್ಮಿದಳು, ನಿಲ್ಲಿಸಿದೆವು. ಎರಡನೇ ಸಲ, ಏ ಚಿಗವ್ವ ಜರಾ ತಡಕೋಬೇ, ನಿನ್ನ ಕೆಮ್ಮಿಗೆ ಹಲಗಿ ಬಾರಿಸ್ಲೇನು ಅಂದ ಬಬ್ಲು, ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಮೂರನೇ ಸಲ ನಾನು ಸಿಟ್ಟಾದೆ. ನಾಲ್ಕನೇ ಸಲ ಸೆರಗಿನ ತುದಿ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು, ಕಣ್ಣಲ್ಲಿ ನೀರು, ನನ್ನನ್ನೇ ನೋಡುತ್ತಿದ್ದಳು, ಆಯ್ತೇನು ಅನ್ನುವಂತೆ, ಎರಡು ನಿಮಿಷ ನಲವತ್ತು ಸೆಕೆಂಡು ತಡೆದಳು, ಆಮೇಲೆ ಕೆಮ್ಮಿಬಿಟ್ಟಳು. ಇದು ಸರೀ ತಾಳಕ್ಕ ಬಿದ್ದದಲ್ಲೇ ಅಂದ ಶ್ರೀಮಂತ. ಇರಲಿ ಬಿಡು ಅಂದವಳು ನಾನು.

ಇಪ್ಪತ್ಮೂರು ಅಂತ ಕೂಗಿದರು. ಎಷ್ಟು ದಿನದಿಂದ ಕೆಮ್ಮು ಅಂದರು ಡಾಕ್ಟರು, ಎರಡ ತಿಂಗಳಾತ್ರಿ ಅಂದಳು ಅವ್ವ, ಅಲ್ರಿ ಮೂರು ವರ್ಷ ಅಂದೆ, ನೀ ಸುಮ್ಕಿರು ಅಂದಳು, ಅಷ್ಟು ಪಕ್ಕಾ ಹೆಂಗ ಹೇಳ್ತಿ ಅಂದರು, ಹಾಡಿನ್ಯಾಗ ಅದರಿ ಸರ್ ಅಂದೆ, ಅವರು ನನ್ನ ಮುಖ ನೋಡಿದರು, ಆಮೇಲೆ ದೀಪದ ಮುಂದೆ ಹಿಡಿದ ಎಕ್ಸ್‌ರೇ ನೋಡಿದರು, ಎರಡೂ ಕಡೆ ಬೆಳ್ಳಗೆ, ಹತ್ತಿಯಂತೆ ಅಂತ ಬರೆಯಬಾರದು, ಬರೆದರೆ ಮಂದಿ ಮತ್ತೆ ತಲೆದೂಗುತ್ತಾರೆ. ಆವಾಗಽ ಮಿಲ್ ಬಿಡಿಸಿ ಕರಕೊಂಡು ಬಂದಿದ್ರ ಏನರ ಮಾಡಬಹುದಿತ್ತವ್ವ, ಹೋದದ್ದು ತಿರುಗಿ ಬರಂಗಿಲ್ಲ, ಇರೋದು ಎಷ್ಟ ದಿನ ಉಳಿತದ ನೋಡೋಣು ಅಂದರು ಡಾಕ್ಟರು. ಹಂಗಾರ ನಾಳಿ ಪಾಳಿಗೆ ಹೋಗಬೌದೇನ್ರಿ ಅಂತ ಕೇಳಿದಳು ಅವ್ವ. ಲಕ್ಷ ಜನ ಕೇಳಿದ್ದರು ಆ ಕೆಮ್ಮನ್ನು, ಮೈಸೂರಿನ ಯಾರೋ ಅದನ್ನು ಏಳು ಸಲ ಹಿಂದೆ ತಿರುಗಿಸಿ ಕೇಳಿದೆ ಅಂತ ಬರೆದಿದ್ದ, ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ನಾನು ಕೇಳಲಿಲ್ಲ, ಅರ್ಥ ಹುಡುಕುತ್ತಿದ್ದೆ. ಮತ್ತೆ ಅದೇ ಬೆಂಚು, ಮತ್ತೆ ಶ್ರೀಮಂತ, ಏಳನೇದೊಂದು ಬಾಕಿ ಅದ, ಚಂದ ಏನರ ಹೇಳು, ಬರಿಯಾಕ ಆಗದಿದ್ರ ಬಾಯಿಲೇ ಹೇಳಿ ಕಳಿಸು, ನಾ ಇಳಿಸ್ಕೋತೀನಿ. ಹೇಳುತ್ತೇನೆ, ಅದು ನಮ್ಮವ್ವ ಮಾನಮ್ಮಂದು, ಕೆಮ್ಮಬ್ಯಾಡ ಅಂದವಳು ನಾನು, ಅರ್ಥ ಏನೂ ಇಲ್ಲ ಅಂತಲೇ ಹೇಳುತ್ತೇನೆ, ರೆಕಾರ್ಡಿನ ಬಟನ್ ಒತ್ತಿ ಹಿಡಿದೆ, ಫೋನನ್ನು ಬಾಯಿಯ ಹತ್ತಿರ ತಂದೆ, ಅವ್ವ ನೋಡಿದಳು — ಮತ್ತೆ ಅದೇ ಸೆರಗು, ಉಂಡೆ ಮಾಡಿದ ಸೆರಗು, ಬಾಯಿ ತುಂಬ ಸೆರಗು, ಕಣ್ಣಲ್ಲಿ ನೀರು, ಸೆಕೆಂಡುಗಳು ಓಡುತ್ತಿವೆ, ನನ್ನ ಬೆರಳು ಬಟನ್ ಮೇಲೇ ಇದೆ, ನಾನು ಮುಗಿಸಲಿ ಅಂತ ಅವಳು ಕಾಯುತ್ತಿದ್ದಾಳೆ, ಬಾಯಲ್ಲಿ ಸೆರಗು