ಅವ್ವನಿಗೊಬ್ಬ ಸಾಲಿಸಿಟರ್

ಈ ಮೆಟ್ಟಿಲಿನ ಹಿಡಿಕೆಯೂ ಸವೆದಿದೆ, ಬಣ್ಣ ಹೋಗಿ ಒಳಗಿನ ಕಟ್ಟಿಗೆ ಕಾಣುತ್ತಿದೆ, ಎಷ್ಟು ಜನರ ಅಂಗೈ ಬೆವರು ಕುಡಿದಿದೆಯೋ, ಕೆಳಗಿನ ಬೇಕರಿಯ ಬೆಣ್ಣೆಯ ವಾಸನೆ ಇಲ್ಲಿಯವರೆಗೂ ಏರಿ ಬಂದಿದೆ, ಬೆಣ್ಣೆಯದೋ ಇನ್ನೇತರದೋ, ಈ ಇಂಗ್ಲಿಷರ ದೇಶದಲ್ಲಿ ಯಾವುದರೊಳಗೆ ಏನು ಹಾಕಿರುತ್ತಾರೆಂದು ಕೇಳದೆ ತಿನ್ನಬಾರದು, ಕೇಳಿದರೂ ಪೂರ್ತಿ ನಂಬಬಾರದು — ಮಹಾದೇವಿ ಒಂದು ಕೈಯಲ್ಲಿ ನಿರಿಗೆ, ಇನ್ನೊಂದರಲ್ಲಿ ಹಿಡಿಕೆ, ಮೇಲೆ ಈ ಕೋಟಿನ ಭಾರ ಬೇರೆ, ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಹಿಂದಿನ ಕಾರ್ ಪಾರ್ಕಿನಲ್ಲಿ ಮೃತ್ಯುಂಜಯ ಕೂತಿದ್ದಾನೆ, ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಯಾರನ್ನೋ ಕಾಡಿ ಬೇಡಿ ಅರ್ಧ ದಿನ ಬಿಡಿಸಿಕೊಂಡು ಬಂದಿದ್ದಾನೆ, ಪಾಪ. ನಾ ಬರ್ಲೇನವ್ವಾ ಮ್ಯಾಲೆ? ಬ್ಯಾಡಪ್ಪಾ, ಒಬ್ಬಾಕೀನ ಬರಬೇಕಂತ ಹೇಳ್ಯಾನ ಆ ಸಾಲಿಸಿಟರ್. ಹೌದೇನು ಎಂದು ನಕ್ಕ, ಆ ನಗು ತನಗೆ ಗೊತ್ತು, ಧಾರವಾಡದಲ್ಲಿ ಕ್ರಿಕೆಟ್ ಬ್ಯಾಟು ಮುರಿದು ಅಟ್ಟದ ಮೇಲೆ ಬಚ್ಚಿಟ್ಟು ಬಂದ ದಿನವೂ ಹೀಗೇ ನಕ್ಕಿದ್ದ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು ತಾನು, ಮುಖ ನೋಡಿಯೇ ಕಳ್ಳರನ್ನು ಹಿಡಿಯುತ್ತಿದ್ದೆ, ಆದರೆ ಸ್ವಂತ ಮಗನ ಮುಖ ಎಂದರೆ ಕಣ್ಣಿಗೆ ತೀರ ಹತ್ತಿರ ಹಿಡಿದ ಪುಸ್ತಕ, ಅಕ್ಷರವೇ ಕೂಡುವುದಿಲ್ಲ. ಫಾರ್ಮಾಲಿಟಿ ಅಂದ. ಬರೇ ಒಂದು ಫಾರ್ಮಾಲಿಟಿ ಅವ್ವಾ, ಎರಡು ಸಹಿ ಹಾಕಿದ್ರ ಮುಗೀತು, ತಲಿ ಕೆಡಿಸ್ಕೋಬ್ಯಾಡ. ಯಾರಾದರೂ ತಲೆ ಕೆಡಿಸಿಕೊಳ್ಳಬೇಡ ಎಂದರೆ ಆಗಲೇ ಕೆಡಿಸಿಕೊಳ್ಳಬೇಕು.

ಇಲ್ಲಿ ಮನೆ ಕೊಳ್ಳುವವರು ಒಬ್ಬ ಸಾಲಿಸಿಟರನ್ನು ಹಿಡಿಯಬೇಕಂತೆ, ಕಾಗದಪತ್ರ ನೋಡುವ ವಕೀಲ, ಆಯಿತು, ಹಿಡಿಯಲಿ, ಮಗ ಒಬ್ಬಳನ್ನು ಹಿಡಿದ, ಇದೇ ಊರಿನ ಹುಡುಗಿ, ಅವಳು ಧಾರವಾಡದಿಂದ ಬಂದ ದುಡ್ಡು ನೋಡಿ ಇದು ಯಾರದು ಎಂದಳಂತೆ, ನಮ್ಮ ತಾಯಿಯದು, ತಾಯಿಯೂ ಆ ಮನೆಯಲ್ಲೇ ಇರುತ್ತಾರೋ, ಹೌದು, ಹಾಗಾದರೆ ಅವರಿಗೆ ಬೇರೆ ಸಾಲಿಸಿಟರ್ ಬೇಕು, ನಿಮ್ಮಿಬ್ಬರ ಪರವಾಗಿ ನಾನೊಬ್ಬಳೇ ನಿಲ್ಲಲಾರೆ. ಇಬ್ಬರ ಪರ! ತಾಯಿ ಮಗ ಯಾವಾಗ ಎರಡು ಪಾರ್ಟಿ ಆದೆವು? ಮೊದಲು ಸಿಟ್ಟು ಬಂದದ್ದು ಆ ಹುಡುಗಿಯ ಮೇಲೆ, ಮನೆ ಒಡೆಯುವ ಮಾತಾಡುತ್ತಾಳಲ್ಲ ಎಂದು, ಆಮೇಲೆ ರೊಟ್ಟಿ ತಟ್ಟುತ್ತ ನಿಂತಾಗ ಅನುಮಾನ ಮಗ್ಗುಲು ಬದಲಿಸಿತು, ಆ ಹುಡುಗಿಗೆ ಕಂಡದ್ದು ಏನು, ತನಗೆ ಕಾಣದೆ ಇದ್ದದ್ದು? ಸಪ್ತಾಪುರದ ಆಚೆ ತನ್ನ ಸಂಬಳದಲ್ಲೇ ಕಂತು ಕಟ್ಟಿ ಕೊಂಡಿದ್ದ ಸೈಟು, ರಿಟೈರಾದ ಮೇಲೆ ಎರಡು ಕೋಣೆ ಕಟ್ಟಿಸಿ ಓದಿಕೊಂಡು ಇರೋಣವೆಂದಿದ್ದೆ, ಅದನ್ನು ಮಾರು ಎಂದು ಮಗ ಕೇಳಲಿಲ್ಲ, ಸುಳ್ಳು ಹೇಳಬಾರದು, ಒಮ್ಮೆಯೂ ಕೇಳಲಿಲ್ಲ. ಊಟಕ್ಕೆ ಕೂತಾಗ ವಾರ ವಾರ ಬೆಲೆ ಏರ್ಲಿಕ್ಕತ್ತಾವು, ಈಗ ತಗೊಳ್ಳಿಲ್ಲಂದ್ರ ಮುಂದ ಆಗೂದಿಲ್ಲ ಅನ್ನುತ್ತಿದ್ದ, ತಟ್ಟೆ ನೋಡುತ್ತ ಅನ್ನುತ್ತಿದ್ದ, ತಾನೇ ಬಾಯಿಬಿಟ್ಟು ಮಾರಿಬಿಡು ಎಂದೆ. ಅದೇ ಈಗ ಚುಚ್ಚುತ್ತಿದೆ, ಬಾಯಿಬಿಟ್ಟು ಕೇಳಿದ್ದರೆ ಕೇಳಿದ ಎಂದಾದರೂ ಇರುತ್ತಿತ್ತು.

ಟಿವಿಡೇಲಿನ ಬಾಲಾಜಿ ಗುಡಿಯಲ್ಲಿ ಮಗನ ಪರಿಚಯದ ದತ್ತಾತ್ರೇಯ ಸಿಕ್ಕ, ಲಿಂಗ ಕಟ್ಟಿಕೊಂಡವರು ವೆಂಕಟರಮಣನ ಸಾಲಿನಲ್ಲಿ ನಿಂತಿದ್ದೇವೆ ನೋಡು ಎಂದು ತನಗೇ ನಗು, ಆದರೆ ಕನ್ನಡ ಕಿವಿಗೆ ಬೀಳುವುದು ಅಲ್ಲೇ, ಹಾಗಾಗಿ ಭಾನುವಾರ ಕಾರು ಹತ್ತುವುದು. ಪ್ರಸಾದದ ಪುಳಿಯೋಗರೆ ಬಾಯಲ್ಲಿಟ್ಟುಕೊಂಡೇ ಮಗನಿಗೆ ಹೇಳಿದ, ಅಯ್ಯೋ ಡಾಕ್ಟ್ರೇ, ಇಷ್ಟಕ್ಕೆಲ್ಲ ಯಾಕೆ ಟೆನ್ಷನ್, ಕೊವೆಂಟ್ರಿಲಿ ನಮ್ಮೋರೇ ಒಬ್ರು ಸಾಲಿಸಿಟರ್ ಇದಾರೆ, ನಮ್ದೂ ಅವರೇ ಮಾಡಿದ್ದು, ಫೋನಲ್ಲೇ ಮುಗಿಸ್ಬಿಡ್ತಾರೆ, ಅಮ್ಮನ್ನ ಅಲೆದಾಡ್ಸೋದೇ ಬೇಡ. ಯಾಮಿನಿಯ ಮುಖ ಅರಳಿತು, ಸೊಸೆ ಮೈಸೂರಿನವಳು, ಕೆಟ್ಟವಳಲ್ಲ, ಔಷಧ ಕಂಪನಿಯಲ್ಲಿ ದುಡಿದು ಸುಸ್ತಾಗಿ ಬರುತ್ತಾಳೆ, ಹೌದು ಅತ್ತೆ, ನಮ್ಮೋರಾದ್ರೆ ಕನ್ನಡದಲ್ಲೇ ಹೇಳ್ತಾರೆ, ನಿಮಗೂ ಸುಲಭ ಅಲ್ವಾ. ಸುಲಭ ಯಾರಿಗೆ? ತನಗೇನು ಇಂಗ್ಲಿಷ್ ಬಾರದೇ, ಇಡೀ ಜನ್ಮ ಹುಡುಗಿಯರಿಗೆ ಅದನ್ನೇ ಕಲಿಸಿದ್ದೇನೆ. ನಮ್ಮವನು ಎಂದರೆ ಏನು ಹೇಳುತ್ತಾನೆಂದು ಗೊತ್ತಿದೆ, ಅಮ್ಮಾ ಮಗನಿಗಲ್ಲದೆ ಇನ್ಯಾರಿಗೆ ಕೊಡ್ತೀರಿ ಎನ್ನುತ್ತಾನೆ, ತಾನೂ ನಾಚಿಕೊಂಡು ಹೂಂ ಎನ್ನುತ್ತೇನೆ, ಮುಂದಿನ ಭಾನುವಾರ ಪ್ರಸಾದದ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ, ಡಾಕ್ಟ್ರ ತಾಯಿ ಮೊದಲು ಕೊಸರಾಡಿದ್ರಂತೆ. ಕಾರಿನಲ್ಲಿ ಕೂತ ಮೇಲೆ ಹೇಳಿದೆ, ನನ್ನ ಸಾಲಿಸಿಟರನ್ನ ನಾನ ಹುಡುಕ್ಕೋತೀನಿ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮೇಧಾ ಕಿವಿಯಿಂದ ಹಾಡಿನ ತಂತಿ ಕಿತ್ತು, ಗೋ ಅಜ್ಜಿ, ಎಂದಳು, ಮನೆಯವರೆಗೂ ಅದೊಂದೇ ಮಾತು.

ಹುಡುಕಿದೆ, ಹುಡುಕದೆ ಏನು, ಹೊಸ ಮಾಸ್ತರರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆನಲ್ಲ, ಹಾಗೆಯೇ, ಹೈ ರೋಡಿನ ಈ ತುದಿಯಿಂದ ಆ ತುದಿಗೆ, ಮಗ ಮನೆ ಕೊಳ್ಳುತ್ತಿದ್ದಾನೆ, ನನ್ನ ಸಹಿ ಬೇಕಂತೆ, ನೀವು ಮೊದಲು ಏನು ಮಾಡುತ್ತೀರಿ? ಗಾಜಿನ ಬಾಗಿಲಿನ ಆಫೀಸಿನ ಹುಡುಗ ಕಿವುಡಿಗೆ ಹೇಳುವ ಹಾಗೆ ಕೂಗಿ ಹೇಳಿದ, ಮಗನನ್ನು ಕರೆದುಕೊಂಡು ಬನ್ನಿ, ಅವರಿಗೆ ವಿವರಿಸುತ್ತೇವೆ. ದಾನದ ಬಟ್ಟೆ ಮಾರುವ ಅಂಗಡಿಯ ಪಕ್ಕದ ಆಫೀಸಿನವಳು ತುಂಬ ಸಿಹಿ, ಬಾ ಡಕ್, ಕೂತ್ಕೋ ಡಕ್, ಇಲ್ಲಿ ಹಾಗೆಂದರೆ ಅಕ್ಕಾ ಅಂದ ಹಾಗಂತೆ, ಆದರೂ ಬಾತುಕೋಳಿ ಎನ್ನಿಸಿಕೊಳ್ಳಲು ಇಷ್ಟು ದೂರ ಬಂದೆನೇ, ಅವಳೂ ಕೊನೆಗೆ ಮಗನ ಫೋನ್ ನಂಬರನ್ನೇ ಕೇಳಿದಳು. ಕಾಲು ನೋಯುತ್ತಿತ್ತು, ರಸ್ತೆಯ ನಡುವೆ ಬೆಂಚಿನ ಮೇಲೆ ಜೇನುಗೂಡು ಇಟ್ಟುಕೊಂಡು ಕೂತ ಆ ಮೂರ್ತಿ ಇದೆಯಲ್ಲ, ಅವನ ಪಕ್ಕ ಕೂತೆ, ಊರಿನಲ್ಲಿ ಏನನ್ನೂ ಕೇಳದೆ ಜಾಗ ಕೊಟ್ಟವನು ಅವನೊಬ್ಬನೇ, ಅಲ್ಲಿಂದ ತಲೆ ಎತ್ತಿದಾಗ ಬೇಕರಿಯ ಮೇಲೆ ಈ ಬೋರ್ಡು ಕಂಡಿತು. ಹಾಲಮ್, ದಪ್ಪ ಮನುಷ್ಯ, ಟೈ ಮೇಲೆ ಬಿಸ್ಕತ್ತಿನ ಪುಡಿ, ಕಿಟಕಿಯಲ್ಲಿ ಒಣಗಿದ ಗಿಡ, ನೀರು ಹಾಕಲು ಬಾರದವನು ಏನು ಕೆಲಸ ಮಾಡುತ್ತಾನೆ ಎಂದು ಅಲ್ಲೇ ಅಂಕ ಕಳೆದಿದ್ದೆ, ಪ್ರಶ್ನೆ ಕೇಳಿದೆ, ಅವನು ಮೊದಲು ತಾನೇ ಕೇಳಿದ, ನನ್ನ ಹತ್ತಿರ ನಿಮ್ಮನ್ನು ಯಾರು ಕಳಿಸಿದರು? ಯಾರೂ ಇಲ್ಲ. ಒಳ್ಳೆಯದು, ಮೊದಲು ನಿಮ್ಮ ಮಗನನ್ನು ಹೊರಗೆ ಕೂರಿಸುತ್ತೇನೆ. ನಮ್ಮಲ್ಲಿ ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕುವ ಅಧಿಕಾರಿ ಮೇಜಿನ ಕೆಳಗೆ ಕೈ ಚಾಚುವವನೇ, ಇವನಿಗೆ ಏನು ಬೇಕೋ, ಆದರೂ ಇವನನ್ನೇ ಆರಿಸಿದೆ, ಯಾಕೆಂದರೆ ಮೂವರಲ್ಲಿ ತನ್ನ ಮುಖ ನೋಡಿ ಮಾತಾಡಿದವನು ಇವನೊಬ್ಬನೇ.

ಬನ್ನಿ ಮಿಸೆಸ್ ಮಹಾದೇವಿ, ಕೂತುಕೊಳ್ಳಿ, ಎನ್ನುತ್ತಾನೆ ಹಾಲಮ್. ಕುರ್ಚಿ ಹಳೆಯದು, ತೋಳು ಸವೆದಿದೆ, ಗಿಡ ಇನ್ನೂ ಹಾಗೇ ಇದೆ. ಮಗನ ಸಾಲಿಸಿಟರ್ ಕಳಿಸಿದ ಕಾಗದ ಬಿಚ್ಚುತ್ತಾನೆ, ಮನೆಯ ವಿಳಾಸ ಓದುತ್ತಾನೆ — ನಿಲ್ಲಿಸಿದ ಯಾಕೆ, ಕನ್ನಡಕ ತೆಗೆದ ಯಾಕೆ? ಈ ಮನೆ ನಿಮಗೆ ಗೊತ್ತೋ? ಸಣ್ಣ ಊರು, ಸುಮಾರು ಮನೆಗಳು ಗೊತ್ತು. ಸಿಕ್ಕಿಬಿದ್ದ, ಮಾರುವವರ ಕಡೆಯವನೇ ಇರಬೇಕು, ಎಲ್ಲ ಬಿಟ್ಟು ಇಲ್ಲಿಗೇ ಬಂದು ಬಿದ್ದೆನಲ್ಲ, ಎದ್ದು ಹೋಗಲೇ, ಕೆಳಗೆ ಮಗನ ಕಾರಿದೆ, ನೀನ ಕರೆ ಅಪ್ಪಾ ನಿನ್ನ ಕೊವೆಂಟ್ರಿಯವನನ್ನ ಎಂದುಬಿಡಲೇ. ಅವನು ನಿಧಾನವಾಗಿ ಹೇಳುತ್ತಿದ್ದಾನೆ, ಇಲ್ಲಿ ಸಹಿ ಹಾಕಿದರೆ, ನಾಳೆ ಸಾಲ ಕಟ್ಟಲಾಗದೆ ಬ್ಯಾಂಕು ಮನೆ ತೆಗೆದುಕೊಂಡರೆ, ನಾನು ಇಲ್ಲಿರುವವಳು ಎಂದು ನೀವು ಹೇಳುವ ಹಾಗಿಲ್ಲ, ಇಲ್ಲಿ ಹಾಕಿದರೆ, ನಿಮ್ಮ ದುಡ್ಡು ಗಿಫ್ಟ್, ಅದರ ಮೇಲೆ ಯಾವ ಹಕ್ಕೂ ಇಲ್ಲ, ಮಗ ಸೊಸೆ ಬೇರೆಯಾದರೆ, ಮನೆ ಮಾರಿದರೆ, ನಿಮ್ಮ ಮಗ ತೀರಿಕೊಂಡರೆ — ಬಿಡ್ತು ಅನ್ನು! ಕನ್ನಡದಲ್ಲೇ ಬಂದುಬಿಟ್ಟಿತು, ಅವನಿಗೇನು ಅರ್ಥವಾಯಿತೋ ತಲೆ ಬಗ್ಗಿಸಿ ಕ್ಷಮಿಸಿ ಎಂದ. ಕಣ್ಣು ತುಂಬಿತು, ಮೃತ್ಯುಂಜಯ ಎಂದು ಹೆಸರಿಟ್ಟದ್ದೇ ಅದಕ್ಕಲ್ಲವೇ, ಕೆಳಗೆ ಕೂತಿದ್ದಾನೆ, ಮಧ್ಯಾಹ್ನ ಉಂಡಿದ್ದಾನೋ ಇಲ್ಲವೋ. ಎಷ್ಟು ಪ್ರೀತಿಯೋ ಅಷ್ಟೇ ಅನುಮಾನ, ಎರಡೂ ಒಂದೇ ಹೊಟ್ಟೆಯಲ್ಲಿ ಹೇಗಿವೆಯೋ. ಅಂಥದ್ದೇನೂ ಆಗದಿರಬಹುದು, ನಿಮ್ಮ ಪಾಲು ಬರೆಸಲೂಬಹುದು ಎನ್ನುತ್ತಾನೆ, ಆದರೆ ಮಗ ಒಪ್ಪಬೇಕು, ಬ್ಯಾಂಕು ಒಪ್ಪಬೇಕು, ತಡವಾದರೆ ಮನೆ ಕೈತಪ್ಪಬಹುದು. ಕೈತಪ್ಪಿದರೆ ಅದೂ ತನ್ನ ತಲೆಗೇ. ಆ ಮನೆಯಲ್ಲಿ ನೀವು ಮಲಗುವ ಕೋಣೆ ಯಾವುದು, ಮಿಸೆಸ್ ಮಹಾದೇವಿ?

ಯಾವುದು. ಅಂದು ಮನೆ ನೋಡಲು ಹೋದಾಗ ಎಲ್ಲ ಕೋಣೆಗೂ ಹೆಸರಾಯಿತು, ಇದು ಮೇಧಾಳದು, ಇದು ನಮ್ಮದು, ಇದು ಓದುವುದಕ್ಕೆ, ಇದು ಬಂದವರಿಗೆ, ಕೊನೆಗೆ ಅಡುಗೆಮನೆಯ ಹಿಂದಿನ ಕೋಣೆ, ಮಂಚ ಇಲ್ಲ, ಕಾರ್ಪೆಟ್ಟಿನಲ್ಲಿ ಅದರ ಕಾಲುಗಳ ಗುಳಿ ಮಾತ್ರ, ಮಂಚವಿದ್ದ ಕಡೆ ಗೋಡೆಗೊಂದು ಬಿಳಿ ಹಿಡಿಕೆ, ಏಳುವಾಗ ಹಿಡಿದುಕೊಳ್ಳಲಿಕ್ಕೆ. ಮನೆ ಮಾರುವವನು, ಮೃತ್ಯುಂಜಯನದೇ ವಯಸ್ಸು, ಇದು ಅಮ್ಮನ ಕೋಣೆಯಾಗಿತ್ತು, ಈ ಹಿಡಿಕೆ ಬಿಚ್ಚಿ ತೂತು ಮುಚ್ಚಿಸಿ ಕೊಡುತ್ತೇನೆ ಎಂದ. ಈಗ ನಿಮ್ಮ ತಾಯಿ ಎಲ್ಲಿದ್ದಾರೆ ಎಂದು ತಾನೇ ಕೇಳಿದೆ, ಆರಾಮಾಗಿದ್ದಾಳೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಎಂದ, ಯಾರು ನೋಡಿಕೊಳ್ಳುತ್ತಿದ್ದಾರೆ ಎನ್ನುವಷ್ಟರಲ್ಲಿ ಯಾಮಿನಿ ಮೊಣಕೈ ಜಗ್ಗಿದಳು. ಆಗ ಮಗ ಆ ಹಿಡಿಕೆಯನ್ನು ಅಲುಗಾಡಿಸಿ ನೋಡಿ, ಗಟ್ಟಿಯಿದೆ, ಇರಲಿ ಬಿಡಿ, ತೆಗೆಯಬೇಡಿ ಎಂದ. ಅಷ್ಟೇ ಎಂದ. ಅಂದಿನಿಂದ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಎಳೆ, ಅವ್ವ ಬಿದ್ದಾಳು ಎಂಬ ಚಿಂತೆಯೋ, ಅವ್ವನ ಲೆಕ್ಕ ಇಲ್ಲಿಗೆ ಎಂಬ ತೀರ್ಮಾನವೋ.

ಅಡುಗೆಮನೆಯ ಹಿಂದಿನದು ಎಂದಳು ಮಹಾದೇವಿ. ಹಾಲಮ್ ಬರೆಯುತ್ತಿದ್ದವನು ನಿಂತ, ಹಿಡಿಕೆ ಇನ್ನೂ ಇದೆಯೇ ಎಂದ, ಎಂದವನೇ ತುಟಿ ಕಚ್ಚಿಕೊಂಡ. ಹಿಡಿಕೆಯ ಮಾತು ತಾನು ಎತ್ತಿಯೇ ಇಲ್ಲ. ಕೆಳಗೆ ಬೇಕರಿಯಲ್ಲಿ ಯಾರೋ ತಟ್ಟೆ ಬೀಳಿಸಿದರು. ಆ ಕೋಣೆಯಲ್ಲಿದ್ದ ತಾಯಿ ಇಲ್ಲಿ ಬಂದಿದ್ದಳೇ? ಇದೇ ಕುರ್ಚಿಯೇ? ಬೇರೆ ಕ್ಲೈಂಟಿನ ವಿಷಯ ನಾನು ಮಾತಾಡುವ ಹಾಗಿಲ್ಲ, ಮಿಸೆಸ್ ಮಹಾದೇವಿ. ಕ್ಲೈಂಟು ಎಂದ, ಆಯಿತಲ್ಲ, ಇನ್ನೇನು ಹೇಳಬೇಕು. ನೀವು ಆಕೆಗೂ ಇದನ್ನೆಲ್ಲ ಹೇಳಿದ್ದಿರಾ? ನಾನು ಎಲ್ಲರಿಗೂ ಹೇಳುತ್ತೇನೆ. ಆಕೆಯ ಮಗನೂ ಕೆಳಗೆ ಕಾರಿನಲ್ಲಿ ಕೂತಿದ್ದನೇ? ಅವನು ಒಣಗಿದ ಗಿಡದ ಕಡೆ ನೋಡಿದ, ಈ ಮನುಷ್ಯನನ್ನು ಇಷ್ಟು ಹೊತ್ತು ತಪ್ಪಾಗಿ ಅಳೆದೆನಲ್ಲ ಎನ್ನಿಸಿ ಮಹಾದೇವಿ ಸಹಿಗೆಂದು ತೆಗೆದಿದ್ದ ಪೆನ್ನಿನ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟಳು. ಇಟ್ ಈಸ್ ನಾಟ್ ಎ ಗಿಫ್ಟ್. ತನ್ನದೇ ಧ್ವನಿ, ಶಾಲೆಯ ಅಂಗಳದ ಧ್ವನಿ, ಎಷ್ಟು ವರ್ಷವಾಗಿತ್ತು ಕೇಳಿ. ಬರೆದುಕೊಳ್ಳಿ, ನನ್ನ ಹೆಸರೂ ಇರಬೇಕು, ಈಗ ಮಗನನ್ನು ಮೇಲೆ ಕರೆಯಿರಿ, ನಾನೇ ಅವನಿಗೆ ಹೇಳುತ್ತೇನೆ. ಹೆದರಿಕೆ, ಸುಳ್ಳೇಕೆ, ಬಹಳ ಹೆದರಿಕೆಯಾಗುತ್ತಿದೆ, ಇಂಥ ಮಾತು ಕೇಳಿ ಮಗನ ಮುಖ ಹೇಗಾಗುತ್ತದೋ, ಆ ನಗು ಇರುತ್ತದೋ ಹೋಗುತ್ತದೋ, ಮನೆ ತಪ್ಪಿದರೆ ಯಾಮಿನಿ ಮಾತು ಬಿಡುತ್ತಾಳೋ, ಹಾಲಮ್ ಫೋನ್ ಇಡುತ್ತಾನೆ, ಕೆಳಗೆ ಬಾಗಿಲು ತೆರೆದ ಸದ್ದು, ಬೆಣ್ಣೆಯ ವಾಸನೆ ಮತ್ತೆ, ಮೆಟ್ಟಿಲ ಮೇಲೆ ಮೃತ್ಯುಂಜಯನ ಬೂಟು, ಅವನ ಕೈ ಹಿಡಿಕೆಯ ಮೇಲೆ ಜಾರುತ್ತ ಬರುತ್ತಿದೆ, ಸಣ್ಣವನಿದ್ದಾಗಲೂ ಹಾಗೇ ಹತ್ತುತ್ತಿದ್ದ, ಅವ್ವಾ, ಏನಾತು, ಬಾಗಿಲಲ್ಲಿ ನಿಂತಿದ್ದಾನೆ, ನಗುತ್ತಿಲ್ಲ, ಹೇಳಬೇಕು, ಎಲ್ಲಿಂದ ಶುರು ಮಾಡಬೇಕು, ಆ ಕೋಣೆಯಿಂದ, ಅಂದು ಅವರೆಲ್ಲ ಮಹಡಿ ನೋಡಲು ಹೋದ ಮೇಲೆ ತಾನೊಬ್ಬಳೇ ಉಳಿದು, ಬಿಳಿ ಬಣ್ಣ ಸವೆದು ಕಟ್ಟಿಗೆ ಕಂಡ ಆ ಒಂದು ಜಾಗದ ಮೇಲೆ ಅಂಗೈ ಇಟ್ಟು ನೋಡಿದ್ದು, ಅಳತೆ ತೆಗೆದು ಮಾಡಿಸಿದ ಹಾಗೆ ಸರಿಯಾಗಿ ಕೂತಿತ್ತು, ಸರಿಯಾಗಿ, ಆ ಹಿಡಿಕೆ, ಬೆರಳು ಬೆರಳಿನ ಜಾಗಕ್ಕೆ, ಆ ಹಿಡಿಕೆ —