ನಾರ್ಬರ್ಟ್ ಹೇಳಿದ ನೀರು

ಮೋಲಿ ಮೂರನೆಯ ಸಲ ಗಾಜು ಒರೆಸಿದಳು. ಒರೆಸಿದ ಕೂಡಲೇ ಗಂಡ ನಾರ್ಬರ್ಟನ ಮುಖ ಕಾಣಿಸಿತು. ಹತ್ತು ಎಣಿಸುವುದರೊಳಗೆ ಮತ್ತೆ ಮಂಜು ಕವಿಯಿತು. ಶವದ ಪೆಟ್ಟಿಗೆಯನ್ನು ಶುಕ್ರವಾರದಿಂದ ಇಟ್ಟಿದ್ದ ಕೋಣೆ ಫ್ರಿಜ್ಜಿನಷ್ಟು ತಣ್ಣಗಿತ್ತು. ಹೊರಗೆ ಪೋರ್ಟಿಕೋದಲ್ಲಿ ಮಲಯ್ ನಾಡಿನ ನಿಲಾಯ್‌ನ ಒಂಬತ್ತೂವರೆಯ ಸೆಕೆ. ತಡವಾಗಿ ಬಂದವರಿಗೆ ಕೊನೆಯ ದರ್ಶನವೆಂದು, ವ್ಯಾನಿಗೆ ಏರಿಸುವ ಮೊದಲು ಪೆಟ್ಟಿಗೆಯನ್ನು ಅಲ್ಲಿ ಇಳಿಸಿದ್ದರು. ತಡವಾಗಿ ಬಂದವರು ಹನ್ನೊಂದು ಜನ. ಎಲ್ಲರೂ ಮೊದಲು ಹೆದ್ದಾರಿಯನ್ನು ಬೈದು, ಆಮೇಲೆ ಮುಖ ಸಪ್ಪೆ ಮಾಡಿಕೊಂಡರು.

"ನಗಾಡ್ತಾ ಮಲಗಿದ ಹಾಗೆ ಉಂಟಲ್ಲ ಮಾರಾಯ್ರೆ," ಎಂದ ಜಯಕರ. ಉಡುಪಿ ಕಡೆಯವನು, ಪುತ್ರಜಯಾದಲ್ಲಿ ಕೆಲಸ, ನಾರ್ಬರ್ಟನಿಗೆ ಭಾನುವಾರಗಳ ಇಸ್ಪೀಟಿನ ಜೊತೆಗಾರ.

"ನಗು ಅಲ್ಲ ಅದು. ಎದುರಿನವರು ತಪ್ಪು ಹೇಳ್ತಿದ್ದಾರೆ ಅಂತ ಗೊತ್ತಿದ್ದೂ ಸುಮ್ಮನೆ ಕೇಳುವಾಗ ಇವರ ಮುಖ ಹೀಗೇ ಇರ್ತಿತ್ತು," ಎಂದಳು ಮೋಲಿ.

"ಆ ಗಾಡಿ ಕಥೆ ಎಂತಾಯ್ತು?"

"ನಾಳೆ ಬೆಳಿಗ್ಗೆ ಕ್ರೇನ್ ಬರ್ತದಂತೆ. ಎಂಜಿನ್ ಕಿತ್ತು ಬಿಸಾಡಿ, ಮೇಲೆ ಗಡ್ಡದ ಸಾಂತಾ ಗೊಂಬೆ ಕೂರಿಸ್ತಾರಂತೆ. ಮಕ್ಕಳಿಗೆ ಸೆಲ್ಫಿ ತೆಗೀಲಿಕ್ಕೆ."

"ಮೂರು ವರ್ಷದ ಕೆಲಸ!"

"ಹೌದು. ಇವರ ಜೀವಮಾನದಲ್ಲಿ ಇವರೇ ಆರಿಸಿಕೊಂಡು ಮಾಡಿದ ಕೆಲಸ ಅದೊಂದೇ. ನನ್ನನ್ನೂ ಸೇರಿಸಿ ಉಳಿದದ್ದೆಲ್ಲ ಬೇರೆಯವರು ಹುಡುಕಿ ಕೊಟ್ಟದ್ದು."

ಕಂಬದ ಆಚೆ ನಿಂತಿದ್ದ ಗುರುದತ್ ಈ ಮಾತನ್ನು ಕೇಳಿಸಿಕೊಂಡ. ಕೇಳಬಾರದೆಂದೇ ಕಂಬದ ಆಚೆ ನಿಂತಿದ್ದ. ನಾಳೆ ಕ್ರೇನ್ ಬರುತ್ತಿದ್ದುದು ಅವನು ಬರೆದುಕೊಟ್ಟ ವರದಿಯ ಮೇಲೆ.

*

ನಿಲಾಯ್ ಮತ್ತು ಪುತ್ರಜಯಾದ ನಡುವೆ ಒಂದು ಮಾಲ್. ಅದರ ಹಿಂಭಾಗದಲ್ಲಿ ವರ್ಷವಿಡೀ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿರುವ ದೊಡ್ಡ ಹಾಲ್. ಅದಕ್ಕೆ ಹಿಮಮನೆ ಎಂದು ಹೆಸರು. ಒಳಗೆ ಯಂತ್ರದಿಂದ ಸುರಿಸಿದ ಹಿಮ, ಜಾರಲು ಒಂದು ದಿಬ್ಬ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಪರ್ವತ ಮತ್ತು ಪೈನ್ ಮರಗಳು. ಮಂಗಳೂರಿನ ನಾರ್ಬರ್ಟ್ ಡಿಮೆಲ್ಲೊ ಇಲ್ಲಿ ತಂಪು ಕಾಯುವ ಯಂತ್ರಗಳ ಮೇಲ್ವಿಚಾರಕ. ಹೆಂಡತಿಯ ಭಾಷೆಯಲ್ಲಿ, ಸೆಕೆಯ ದೇಶಕ್ಕೆ ಬಂದು ಶೀತ ಹಿಡಿಸಿಕೊಂಡ ಮನುಷ್ಯ.

ಮಾಲೀಕರು ಜಪಾನಿನ ಮುಚ್ಚಿಹೋದ ಸ್ಕೀ ಬೆಟ್ಟವೊಂದರಿಂದ ಸ್ನೋಕ್ಯಾಟ್ ತರಿಸಿದರು. ಚಕ್ರದ ಬದಲು ಎರಡು ಅಗಲ ಪಟ್ಟಿಗಳ ಮೇಲೆ ತೆವಳುತ್ತ, ಹಿಂದೆ ಹಿಮವನ್ನು ಬಾಚಿಕೊಂಡು ಹೋಗುವ ಗಾಡಿ. ಐವತ್ತು ವರ್ಷ ಹಳೆಯದು, ತುಕ್ಕು ಹಿಡಿದು ಕಿತ್ತಳೆ ಬಣ್ಣವೋ ಕಂದೋ ಹೇಳಲಾಗದ ಸ್ಥಿತಿ. ಅವರಿಗೆ ಬೇಕಿದ್ದದ್ದು ಅಲಂಕಾರ. ನಾರ್ಬರ್ಟ್ ಅದರ ಸುತ್ತ ಎರಡು ಸುತ್ತು ಬಂದು, "ಇದನ್ನು ನಡೆಸುವಾ," ಎಂದ. ಯಾರೂ ಬೇಡವೆನ್ನಲಿಲ್ಲ; ಅವನು ನಡೆಸಿಯಾನೆಂದು ಯಾರೂ ನಂಬಿರಲಿಲ್ಲ.

ತುಕ್ಕು ಕೆರೆದ, ಪಟ್ಟಿ ಬದಲಿಸಿದ. ಸತ್ತ ಎಂಜಿನ್ ಇಳಿಸಿ ಹೊಸ ಡೀಸೆಲ್ ಎಂಜಿನ್ ಕೂರಿಸಿದ. ಹೊಸ ಎಂಜಿನ್ನಿಗೆ ಕಂಪ್ಯೂಟರ್ ಇರುವುದರಿಂದ ಅದನ್ನು ಹಳೆಯ ಗಾಡಿಗೆ ಹೊಂದಿಸಲು ಮೈಸೂರಿನ ಗುರುದತ್ ಬಂದ. ಹಿಮಮನೆಯ ಕಂಟ್ರೋಲ್ ಸಿಸ್ಟಮ್ ಅವನದು; ವಯಸ್ಸು ಮೂವತ್ತನಾಲ್ಕು, ಕಣ್ಣಿಗೆ ಕನ್ನಡಕ, ತನ್ನ ಕೋಡ್‌ನಲ್ಲಿ ತಪ್ಪಿಲ್ಲವೆಂಬ ದೃಢ ನಂಬಿಕೆ.

ಎಂಜಿನ್ ಮೊದಲ ದಿನವೇ ಹೊಡೆಯಿತು. ಗಾಡಿ ಸಮತಟ್ಟಿನಲ್ಲಿ ಸೊಗಸಾಗಿ ಓಡಿತು. ದಿಬ್ಬ ಹತ್ತಿಸಿದರೆ ಮುಕ್ಕಾಲು ಏರಿ, ಮೂರನೆಯ ಪೈನ್ ಮರದ ಬಳಿ ಫಕ್ಕನೆ ನಿಂತುಬಿಡುತ್ತಿತ್ತು. ವಾರದ ರಜೆ ಸೋಮವಾರ. ಪ್ರತಿ ಸೋಮವಾರ ಅದನ್ನು ಹೊರಗಿನ ಶೆಡ್ಡಿಗೆ ತಂದು, ಅದರ ಮೈಗಂಟಿದ ಹಿಮ ಕರಗಿ ಗುರುದತ್‌ನ ಲ್ಯಾಪ್‌ಟಾಪ್ ಒದ್ದೆಯಾಗದಿರಲೆಂದು ಎರಡು ಗಂಟೆ ಕಾದು, ಬಿಚ್ಚಿ, ಪರೀಕ್ಷಿಸಿ, ಮುಚ್ಚಿ, ಮಂಗಳವಾರ ಒಳಗೆ ಕಳಿಸುವುದು. ಶೆಡ್ಡಿನಲ್ಲಿ ಎಲ್ಲವೂ ಸರಿ. ದಿಬ್ಬದಲ್ಲಿ ಮೂರನೆಯ ಪೈನ್ ಮರ.

*

ವ್ಯಾನ್ ತಡವಾಯಿತು. ಮೋಲಿಯ ಕರವಸ್ತ್ರ ಹಿಂಡುವಷ್ಟು ಒದ್ದೆಯಾಗಿತ್ತು.

"ಮಮ್ಮಾ, ಎನಫ್ ಲಾ. ಸಿಟ್ ಡೌನ್," ಎಂದಳು ಮಗಳು ಮೆಲಿಷಾ. ನಿಲಾಯ್‌ನಲ್ಲೇ ಓದುತ್ತಿರುವವಳು; ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದಿಲ್ಲ.

"ನೀನು ಕೂತ್ಕೋ. ಜನ ನಿಮ್ಮಪ್ಪನ ಮುಖ ನೋಡ್ಲಿಕ್ಕೆ ಬಂದದ್ದು, ಮಂಜು ನೋಡ್ಲಿಕ್ಕೆ ಅಲ್ಲ."

ಗುರುದತ್‌ನಿಗೆ ತಡೆಯಲಾಗಲಿಲ್ಲ. ಕಂಬ ಬಿಟ್ಟು ಬಂದು, "ಕೊಡಿ ಆಂಟಿ, ನಾನ್ ಒರೆಸ್ತೀನಿ," ಎಂದು ಕೈಚಾಚಿದ. ಮೋಲಿ ಅವನನ್ನು ಒಂದು ಕ್ಷಣ ನೋಡಿ ಕರವಸ್ತ್ರ ಕೊಟ್ಟಳು. ಅವನು ಮೇಲೆಲ್ಲ ಒರೆಸಿ, "ಒಳಗಡೆನೂ ಕಟ್ಕೊಂಡಿರತ್ತೆ, ಮುಚ್ಚಳ ಸ್ವಲ್ಪ ಎತ್ತಿದ್ರೆ..." ಎಂದ.

"ಒಳಗೆ ಒಂದು ಹನಿಯೂ ಇಲ್ಲ, ಸರಿಯಾಗಿ ನೋಡು," ಎಂದಳು ಮೋಲಿ. "ತಣ್ಣಗಿನ ಕೋಣೆಯಲ್ಲೇ ಮುಚ್ಚಿದ್ದಲ್ವಾ? ಇಲ್ಲಿ ಹೊರಗೆ ತೆರೆದು ಮುಚ್ಚಿದ್ರೆ ಇಷ್ಟು ಹೊತ್ತಿಗೆ ಇವರ ಮೀಸೆಯಿಂದ ನೀರು ಇಳೀತಿತ್ತು."

ಗುರುದತ್‌ನ ಕೈ ಗಾಜಿನ ಮೇಲೆ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಜಯಕರ ಪಕ್ಕದವನಿಗೆ, "ಪಾಪ, ತುಂಬಾ ಹಚ್ಚಿಕೊಂಡಿದ್ದ ಕಾಣ್ತದೆ," ಎಂದ.

*

"ನೀರು ಬರ್ತದೆ ಗುರು," ಎಂದಿದ್ದ ನಾರ್ಬರ್ಟ್, ಒಂದು ಸೋಮವಾರ ಶೆಡ್ಡಿನಲ್ಲಿ ಎಂಜಿನ್ನಿನ ಪಕ್ಕೆಯಿಂದ ಹೆಬ್ಬೆರಳಿನಷ್ಟು ದಪ್ಪದ ಪ್ಲಗ್ ಒಂದನ್ನು ಎಳೆದು. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ತಂತಿ ಅದರೊಳಗೆ ಹೋಗುತ್ತದೆ. ಆ ಸುದ್ದಿ ಒಂದು ಗಳಿಗೆ ತಪ್ಪಿದರೂ ಕಂಪ್ಯೂಟರ್ ಡೀಸೆಲ್ ನಿಲ್ಲಿಸಿಬಿಡುತ್ತದೆ.

"ಎಲ್ಲಿದೆ ಸರ್ ನೀರು? ಎಂಟು ಸಲ ಬಿಚ್ಚಿದೀವಿ. ಒಣಗಿದೆ."

"ಇಲ್ಲಿ ಒಣಗಿದೆ. ಅಲ್ಲಿ ಬರ್ತದೆ."

"ಎಲ್ಲಿಂದ ಬರತ್ತೆ?"

"ಅದು ಗೊತ್ತಿಲ್ಲ. ಬರ್ತದೆ."

"ವಿಳಾಸ ಇಲ್ಲದ ನೀರು!" ಎಂದು ಗುರುದತ್ ನಕ್ಕಿದ್ದ. "ರಬ್ಬರ್ ಇನ್ನೂ ಬಿಗಿ ಮಾಡಿ ಮುಚ್ಚೋಣ ಬಿಡಿ."

ಬಿಗಿ ಮಾಡಿದಷ್ಟೂ ಗಾಡಿ ಹೆಚ್ಚು ನಿಂತಿತು. ಕೊನೆಗೆ ನಾರ್ಬರ್ಟ್ ಹಾಲ್‌ನ ಮ್ಯಾನೇಜರ್ ತ್ರಿವಿಕ್ರಮನ ಬಳಿ ಹೋಗಿ, ಪ್ಲಗ್ಗನ್ನು ಒಮ್ಮೆ ಹಿಮದ ಮೇಲೆಯೇ, ಗಾಡಿ ನಿಂತ ಜಾಗದಲ್ಲೇ ಬಿಚ್ಚಿ ನೋಡಲು ಅನುಮತಿ ಕೇಳಿದ. ತ್ರಿವಿಕ್ರಮ ಬೆಂಗಳೂರಿನವನು, ವಿನಯವಂತ, ನಿಯಮಗಳನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿಸಿದವನು. "ಹಿಮದ ಮೇಲೆ ಸ್ಪ್ಯಾನರ್ ಇಡೋ ಹಾಗಿಲ್ಲ ಸರ್. ಒಂದು ತೊಟ್ಟು ಎಣ್ಣೆ ಬಿದ್ರೂ ಮಕ್ಕಳ ಬಟ್ಟೆಗೆ ಹತ್ತುತ್ತೆ." ನಾರ್ಬರ್ಟ್ ಬಾಯಿ ಬಿಗಿಹಿಡಿದು ಕೇಳಿಸಿಕೊಂಡು ಬಂದ. ಆರು ಸಲ ಕೇಳಿದ. ಆರು ಸಲವೂ ಅದೇ ಎಣ್ಣೆಯ ತೊಟ್ಟು.

ಗುರುದತ್ ವರದಿ ಬರೆದ: ನೀರಿನ ಕುರುಹಿಲ್ಲ, ದೋಷ ಪತ್ತೆಯಾಗಿಲ್ಲ, ಎಂಜಿನ್ ತೆಗೆಯುವುದು ಸೂಕ್ತ. ಅದು ಬುಧವಾರ. ಶುಕ್ರವಾರ ಬೆಳಿಗ್ಗೆ ಮಮಕ್ ತಿಂಡಿಯಂಗಡಿಯಲ್ಲಿ ಮನೆಗೆ ರೋಟಿ ತಪಾವ್, ಎಂದರೆ ಪಾರ್ಸೆಲ್, ಹೇಳಿ, ಕಟ್ಟಿಕೊಡುವುದನ್ನು ಕಾಯುತ್ತ ನಾರ್ಬರ್ಟ್ ಪ್ಲಾಸ್ಟಿಕ್ ಕುರ್ಚಿಯಲ್ಲೇ ತೀರಿಕೊಂಡ. ರೋಟಿ ಮಾತ್ರ ಮನೆಗೆ ತಲುಪಿತು, ಅಂಗಡಿಯವನೇ ತಂದುಕೊಟ್ಟ.

*

ಇಗರ್ಜಿಯಲ್ಲಿ ಪೂಜೆ ನಡೆಯುವಾಗ ಗುರುದತ್ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಎದ್ದ, ಒಂದು ಗಳಿಗೆ ತಡವಾಗಿ ಕೂತ. ಪ್ರಾರ್ಥನೆಯ ಹಾಳೆಯ ಹಿಂದೆ ಪ್ಲಗ್ಗಿನ ಚಿತ್ರ ಬರೆದು ಬಾಣ ಹಾಕುತ್ತಿದ್ದ. ಪಾದ್ರಿಗಳು ನಾರ್ಬರ್ಟನನ್ನು ಮೌನದ ಮನುಷ್ಯನೆಂದು ಹೊಗಳಿದರು. ಜಯಕರ ಕೆಮ್ಮಿದ. ಇಸ್ಪೀಟಿನಲ್ಲಿ ನಾರ್ಬರ್ಟ್ ಮೌನವಾಗಿದ್ದುದು ಅವನಿಗೆ ನೆನಪಿರಲಿಲ್ಲ.

ಸಿಮೆಟ್ರಿಯಲ್ಲಿ ಮಣ್ಣು ಹಾಕಿ ಕೈ ತೊಳೆಯುವಾಗ ಗುರುದತ್ ಮೋಲಿಯ ಪಕ್ಕ ಬಂದ.

"ಆಂಟಿ, ಸರ್ ಹೇಳಿದ್ದು ಸರಿ. ನೀರು ಇತ್ತು."

ಮೋಲಿ ನಲ್ಲಿ ನಿಲ್ಲಿಸಿದಳು. "ಎಲ್ಲಿಂದ?"

"ಗಾಳಿಯಿಂದ. ಶೆಡ್ಡಲ್ಲಿ ಇಲ್ಲಿನ ಸೆಕೆ ಗಾಳಿನ ಪ್ಲಗ್ ಒಳಗೆ ತುಂಬಿ ಬಿಗಿಯಾಗಿ ಮುಚ್ತಿದ್ವಿ. ಹಾಲ್ ಒಳಗೆ ಹೋದ್ಮೇಲೆ ಆ ಗಾಳಿಯ ತೇವ ನೀರಾಗಿ, ಐಸ್ ಆಗಿ ಪಿನ್ನುಗಳನ್ನ ಸಡಿಲ ಮಾಡ್ತಿತ್ತು; ದಿಬ್ಬದಲ್ಲಿ ಗಾಡಿ ನಡುಗಿದ್ರೆ ಸಂಪರ್ಕ ತಪ್ಪೋದು. ನಾವು ಮತ್ತೆ ಹೊರಗೆ ತಂದು ಎರಡು ಗಂಟೆ ಕಾಯ್ತಿದ್ವಿ. ಅಷ್ಟರಲ್ಲಿ ಬಿಸಿ ಎಂಜಿನ್ ಪಕ್ಕದಲ್ಲಿ ಎಲ್ಲಾ ಒಣಗಿರ್ತಿತ್ತು. ಹುಡುಕೋಕೆ ಅಂತ ಹೊರಗೆ ತಂದಾಗಲೆಲ್ಲ ನಾವೇ ತಪ್ಪನ್ನ ಹೊಸದಾಗಿ ಒಳಗೆ ಹಾಕ್ತಿದ್ವಿ. ಹಿಮದ ದೇಶದಲ್ಲಿ ಯಾರಿಗೂ ಈ ತೊಂದರೆ ಬರಲ್ಲ, ಅಲ್ಲಿ ಹೊರಗೂ ಹಿಮಾನೇ. ಅದಕ್ಕೆ ಯಾವ ಪುಸ್ತಕದಲ್ಲೂ ಇಲ್ಲ. ತಣ್ಣಗಿರೋ ಕಡೆನೇ ಬಿಚ್ಚಿ, ಅಲ್ಲೇ ಮುಚ್ಚಬೇಕು. ನಿಮ್ಮ... ಆ ಪೆಟ್ಟಿಗೆ ಥರ."

"ಹಾಗಾದ್ರೆ ಸೋಮವಾರ ಸೋಮವಾರ ಅದನ್ನು ಮುಚ್ತಿದ್ದದ್ದು ಯಾರು?"

ಗುರುದತ್ ನೆಲ ನೋಡಿದ. "ಬಿಗಿ ಮಾಡಿ ಅಂದಿದ್ದು ನಾನು. ಕೈ ಮಾತ್ರ... ಸರ್‌ದು."

ಮೋಲಿ ನಕ್ಕಳು. ಸಿಮೆಟ್ರಿಯಲ್ಲಿ ಮೂರು ತಲೆಗಳು ತಿರುಗಿದವು. "ಅರ್ಧ ಸರಿ. ಮೂವತ್ತೊಂದು ವರ್ಷದಲ್ಲಿ ಇವರು ಇಷ್ಟರ ಮಟ್ಟಿಗೆ ಸರಿಯಾದದ್ದು ಇದೇ ಮೊದಲು. ಬಾ, ಆ ಮ್ಯಾನೇಜರ್ ಎಲ್ಲಿ?"

ತ್ರಿವಿಕ್ರಮ ಗೇಟಿನ ಬಳಿ, ಹೊರಡಲು ತಕ್ಕ ಸಮಯಕ್ಕಾಗಿ ಕಾಯುತ್ತಿದ್ದ.

"ಇವತ್ತು ಸೋಮವಾರ, ಹಾಲ್ ರಜೆ. ನನಗೆ ಒಂದು ಗಂಟೆ ಬೇಕು. ಪ್ಲಗ್ ಹಿಮದ ಮೇಲೆ ಬಿಚ್ಚಬೇಕು," ಎಂದಳು ಮೋಲಿ.

"ಆಂಟಿ, ಈ ಹೊತ್ತಲ್ಲಿ ಹೇಳಬಾರದು, ಆದ್ರೆ ರೂಲ್ಸ್... ಒಂದು ತೊಟ್ಟು ಎಣ್ಣೆ..."

"ಕೆಳಗೆ ಮೇಜುಬಟ್ಟೆ ಹಾಸ್ತೇನೆ." ಅವಳು ಧ್ವನಿ ಏರಿಸಲಿಲ್ಲ. "ಆರು ಸಲ ಇವರು ಕೇಳಿದ್ದಾರೆ. ಏಳನೇ ಸಲ ನಾನು. ಇಲ್ಲ ಅಂತ ಹೇಳುವುದಾದ್ರೆ, ಸ್ವಲ್ಪ ಆಚೆ ಹೋಗಿ, ಅವರಿಗೂ ಕೇಳುವ ಹಾಗೆ ಹೇಳಿ."

ತ್ರಿವಿಕ್ರಮ ಹೊಸ ಮಣ್ಣಿನ ಕಡೆ ನೋಡಿದ. "ಮೂರು ಗಂಟೆಗೆ ಬನ್ನಿ," ಎಂದ.

*

ಇಗರ್ಜಿಯ ಹಾಲ್‌ನಲ್ಲಿ ಸನ್ನ, ಹಂದಿಮಾಂಸದ ಬಫಾತ್ ಊಟ ಮುಗಿಸಿ ಜನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೂರಕ್ಕೆ ಹಿಮಮನೆಯ ಬಾಗಿಲಲ್ಲಿ ಹತ್ತೊಂಬತ್ತು ಜನ ಕಪ್ಪು ಬಟ್ಟೆಯಲ್ಲಿ ನಿಂತಿದ್ದರು. ಜಾಕೆಟ್, ಬೂಟು, ಕೈಗವಸು ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಈ ಒಂದು ನಿಯಮವನ್ನು ಬಿಡಲೊಲ್ಲದ ತ್ರಿವಿಕ್ರಮ ತಾನೇ ಕೌಂಟರಿನ ಹಿಂದೆ ಮಂಡಿಯೂರಿ ಬೂಟಿನ ಅಳತೆ ತೆಗೆದ. ಜಯಕರನಿಗೆ ಸಿಕ್ಕಿದ್ದು ಗುಲಾಬಿ ಬಣ್ಣದ, ಮೊಲದ ಕಿವಿಯ ಟೋಪಿಯಿದ್ದ ಜಾಕೆಟ್.

"ಸತ್ತವನ ಮನೆಯವರು ನೋಡಿದ್ರೆ ಎಂತ ಹೇಳ್ತಾರೆ?" ಎಂದ ಅವನು.

"ನೋಡ್ತಾ ಇದ್ದೇನೆ. ಚಂದ ಕಾಣ್ತೀರಿ," ಎಂದಳು ಮೋಲಿ.

ಗಾಡಿ ದಿಬ್ಬದ ಬುಡದಲ್ಲಿತ್ತು. ಕಳೆದ ಸೋಮವಾರ ಶೆಡ್ಡಿನಲ್ಲಿ ನಾರ್ಬರ್ಟ್ ತನ್ನ ಕೈಯಾರೆ ಮುಚ್ಚಿದ ಪ್ಲಗ್ ಹಾಗೆಯೇ ಇತ್ತು. ಮೋಲಿ ಮೇಜುಬಟ್ಟೆ ಹಾಸಿದಳು. ತ್ರಿವಿಕ್ರಮ ಬಗ್ಗಿ, "ಇಲ್ಲಿ ಆಗಲೇ ಕಲೆ ಇದೆ," ಎಂದ.

"ಅದು ಬಫಾತ್. ಊಟಕ್ಕೆ ಕೂತಾಗ ನೀವೇ ಚೆಲ್ಲಿದ್ದು."

ಗುರುದತ್ ಕೈಗವಸು ಕಳಚಿ ಪ್ಲಗ್ ಎಳೆದ. ಮೋಲಿ ಟಾರ್ಚ್ ಹಿಡಿದಳು. ಪಿನ್ನುಗಳ ನಡುವೆ, ಸಕ್ಕರೆಯ ಹರಳಿನಂತೆ, ಐಸ್ ಹೊಳೆಯಿತು.

ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ, ಪಕ್ಕಕ್ಕೆ ಸರಿದು, ಹಿಂದಿನವರಿಗೆ ಜಾಗ ಬಿಟ್ಟರು. ಬೆಳಿಗ್ಗೆ ಪೋರ್ಟಿಕೋದಲ್ಲಿ ಸಾಲು ಸಾಗಿದ್ದೂ ಹೀಗೆಯೇ, ಆದರೆ ಈಗ ಎಲ್ಲರ ಮುಖ ಅರಳಿತ್ತು. ತ್ರಿವಿಕ್ರಮ ಎರಡು ಸಲ ನೋಡಿದ.

"ಇಷ್ಟಕ್ಕೆ ಮೂರು ವರ್ಷವಾ?" ಎಂದಳು ಮೋಲಿ.

"ನನ್ನ ವರದಿ ತಪ್ಪು ಆಂಟಿ," ಎಂದ ಗುರುದತ್. ಎಲ್ಲರಿಗೂ ಕೇಳುವಂತೆ ಹೇಳಿದ.

ಐಸ್ ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ಗ್ರೀಸ್ ತುಂಬಿ, ಅಲ್ಲೇ ಮುಚ್ಚಿದ. ಹೊಗೆ ಎಳೆಯುವ ಫ್ಯಾನುಗಳು ಶುರುವಾದವು. ಓಡಿಸುವವರು ಯಾರು ಎಂಬ ಪ್ರಶ್ನೆ ಬರುವ ಮೊದಲೇ ಮೆಲಿಷಾ ಕಪ್ಪು ಲಂಗ ಎತ್ತಿ ಕಟ್ಟಿ ಸೀಟಿಗೆ ಏರಿದ್ದಳು.

"ನಿಂಗೆ ಬರತ್ತಾ?" ಎಂದ ಗುರುದತ್.

"ಡ್ಯಾಡಾ ಟಾಟ್ ಮಿ. ಟೂ ಲಿವರ್ಸ್ ಓನ್ಲಿ. ಕ್ಯಾನ್ ಲಾ."

ಮೋಲಿ ಪಕ್ಕದ ಸೀಟು ಹತ್ತಿದಳು. ಎಂಜಿನ್ ಹೊಡೆಯಿತು, ಪಟ್ಟಿಗಳು ಹಿಮ ಕಚ್ಚಿದವು. ಮೊದಲ ಪೈನ್ ಮರ. ಎರಡನೆಯದು. ಗಾಡಿ ಮೂಗೆತ್ತಿ ನಡುಗತೊಡಗಿತು. ಗುರುದತ್ ಕನ್ನಡಕ ತೆಗೆದುಬಿಟ್ಟ; ನೋಡುವ ಧೈರ್ಯವಿರಲಿಲ್ಲ. ಎಂಜಿನ್ ಸದ್ದು ದಪ್ಪವಾಯಿತು, ಇನ್ನೂ ದಪ್ಪವಾಯಿತು, ತುಂಡಾಗಲಿಲ್ಲ. "ಮೂರು ದಾಟಿತು! ದಾಟಿತು ಮಾರಾಯಾ!" ಎಂದು ಮೊಲದ ಕಿವಿಗಳು ಕುಣಿದವು. ಗಾಡಿ ದಿಬ್ಬದ ನೆತ್ತಿಯಲ್ಲಿ, ಬಣ್ಣದ ಪರ್ವತಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ತಿರುಗಿತು.

"ಇನ್ನೊಂದ್ಸಲ!" ಎಂದು ಗುರುದತ್ ಕೂಗಿದ. "ಮೂರು ಸಲ ಹತ್ತಬೇಕು! ಒಂದು ಸಲ ಅದೃಷ್ಟ ಇರಬಹುದು!"

ಎರಡನೆಯ ಸಲ ಹತ್ತಿತು. ಮೂರನೆಯ ಸಲ ಹತ್ತುವಾಗ ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ದಪ್ಪ ಕೈಗವಸುಗಳಲ್ಲಿ ಅದು ದಿಂಬು ಬಡಿದಂತೆ ಕೇಳುತ್ತಿತ್ತು. ಮೇಲೆ ಮೋಲಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಹಿಂದೆ ನೀಟಾಗಿ ಬಾಚಿಬಿದ್ದ ಹಿಮವನ್ನು ನೋಡುತ್ತ ಬರುತ್ತಿದ್ದಳು.

ತ್ರಿವಿಕ್ರಮ ಜೇಬಿನಿಂದ ಫೋನ್ ತೆಗೆದ. ಕೈಗವಸಿನ ಬೆರಳು ತಾಗಿದರೆ ಪರದೆ ಕದಲಲಿಲ್ಲ. ಹಲ್ಲಿನಿಂದ ಕೈಗವಸು ಕಚ್ಚಿ ಎಳೆದು, ಅದನ್ನು ಬಾಯಲ್ಲೇ ಹಿಡಿದು ನಂಬರ್ ಒತ್ತಿದ. ಆಮೇಲೆ ಅದನ್ನು ಹಿಮದ ಮೇಲೆ ಉಗಿದು, ಕ್ರೇನಿನವನಿಗೆ ಅವನ ಮಲಯ್ ಭಾಷೆಯಲ್ಲಿ, ಗಡಿಬಿಡಿಗೆ ಕನ್ನಡವೂ ಬೆರೆತು, ಕೂಗಿದ:

"ತಾ ಪಾಯಾ! ನಾಳೆ ಬರೋದು ತಾ ಪಾಯಾ! ಬೇಡ, ಬೇಡ!"

ಆ ಕಡೆಯವನಿಗೆ ಕೇಳಿಸಲಿಲ್ಲ. ಅದೇನು ಅಷ್ಟು ಗಲಾಟೆ, ನೀವು ಎಲ್ಲಿದ್ದೀರಿ ಎಂದು ಅವನು ಎರಡು ಸಲ ಕೇಳಿದ. ಕೊನೆಗೆ ತ್ರಿವಿಕ್ರಮ ಕೆಂಪೇರಿದ ಬರಿಗೈಯನ್ನು ತಲೆಯ ಮೇಲಕ್ಕೆ ಚಾಚಿ, ಫೋನನ್ನು ದಿಬ್ಬದ ಕಡೆಗೆ ಎತ್ತಿ ಹಿಡಿದ.